ಕುತ್ತಿಗೆ ಮುಟ್ಟದ ಡಾಕ್ಟರು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಊಟ ಮಾಡುತ್ತಿದ್ದೆ. ಏಳಲಿಲ್ಲ. ಇನ್ನೊಂದು ರೊಟ್ಟಿ ಹಾಕಿಸಿಕೊಂಡು ತಿಂದು, ಮೇಲೆ ಮಜ್ಜಿಗೆಯನ್ನೂ ಕುಡಿದು, ಆಮೇಲೆ ಕೈ ತೊಳೆದೆ. ಛೀ, ಎಂಥ ಹೆಂಗಸು ಎನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು. ನನಗೇನೂ ಬೇಸರವಿಲ್ಲ.

ಅವರ ಶಿಷ್ಯರೆಲ್ಲ ಸೇರಿ ಒಂದು ನೆನಪಿನ ಸಂಚಿಕೆ ತರುತ್ತಾರಂತೆ. "ಮ್ಯಾಡಮ್, ಸರ್ ಜೋಡಿ ಇಷ್ಟು ವರ್ಷ ಕೆಲಸ ಮಾಡೀರಿ, ನೀವು ಬರೀಲಿಲ್ಲಂದ್ರ ಹ್ಯಾಂಗ್ರಿ?" ಎಂದು ಮನೆಗೇ ಬಂದು ಕೂತರು. ಸರಿ, ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹಾಕಿದರೆ ಬೆಳಗಾವಿಯ ಅರ್ಧ ಊರು ಜಗಳಕ್ಕೆ ನನ್ನ ಬಾಗಿಲಿಗೆ ಬರುತ್ತದೆ. ಇದನ್ನು ಅಚ್ಚು ಹಾಕಿಸುತ್ತಾರೋ ಒಲೆಗೆ ಹಾಕುತ್ತಾರೋ, ಅವರಿಗೆ ಬಿಟ್ಟದ್ದು. ನನ್ನ ಅವ್ವನಿಗೆ ಓದಲು ಬರುವುದಿಲ್ಲ. ಆ ಒಂದು ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಎತ್ತರದ ಆಳು. ಹಣೆಯ ಮೇಲೆ ಬೆಳಿಗ್ಗೆ ಎದ್ದು ಕಾಣುತ್ತಿದ್ದ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಅಳಿಸಿ ಬರೀ ಗುರುತು ಉಳಿಯುತ್ತಿತ್ತು. ಹೆಂಗಸರು ಯಾರೇ ಬರಲಿ, "ಬರ್ರಿ ತಾಯಿ, ಕುಂದರ್ರಿ" ಎನ್ನುವರು. ಧ್ವನಿ ಎತ್ತರಿಸಿದ್ದನ್ನು ಯಾರೂ ಕೇಳಿದ್ದಿಲ್ಲ. ರೋಗಿಯ ಬೆನ್ನಿಗೆ ಸ್ಟೆಥೋಸ್ಕೋಪ್ ಇಟ್ಟು ಕಣ್ಣು ಮುಚ್ಚಿದರೆಂದರೆ ಪೂಜೆಗೆ ಕೂತವರ ಹಾಗೆ ಕಾಣುವರು. "ಅಂಜಬ್ಯಾಡ್ರಿ, ನಾ ಅದೀನಿ" ಎನ್ನುವುದು ಅವರ ಮಾತು. ಆ ಮಾತಿಗೇ ಅರ್ಧ ರೋಗ ಹೋಗುತ್ತದೆ ಎಂದು ಜನ ಹೇಳುತ್ತಿದ್ದರು. ಅವರ ಕೈಗುಣದ ಮಾತಂತೂ ಖಾನಾಪುರದ ಸಂತೆಯಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಕೇಳಿಬರುತ್ತಿತ್ತು.

ಮುಟ್ಟದ ಕೈಗೆ ಎಂಥ ಗುಣ? ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅಲ್ಲೇ.

ನಮ್ಮಲ್ಲಿ ಕೊರಳಲ್ಲಿ ಇಷ್ಟಲಿಂಗ ಧರಿಸುತ್ತೇವೆ. ಬೆಳ್ಳಿಯ ಕರಡಿಗೆಯಲ್ಲಿ ಇಟ್ಟು, ದಾರ ಕಟ್ಟಿ, ಎದೆಯ ಮೇಲೆ ಇಳಿಬಿಡುವುದು. ಅದನ್ನು ಮೈಯಿಂದ ಅಗಲಿಸಬಾರದು, ಇನ್ನೊಬ್ಬರು ಮುಟ್ಟಬಾರದು. ಈ ಡಾಕ್ಟರೂ ನಮ್ಮವರೇ, ದೊಡ್ಡ ನೇಮದವರು. ಲಿಂಗ ಧರಿಸಿದ ರೋಗಿ ಬಂದರೆ ಮೊದಲು ಆ ಕರಡಿಗೆಗೆ ಕೈ ಮುಗಿಯುವರು. ಆಮೇಲೆ "ಹೊಳ್ಳಿ ಕುಂದರ್ರಿ" ಎಂದು ಬೆನ್ನು ನೋಡುವರು. ದಾರವಿರುವ ಕುತ್ತಿಗೆಯಾಗಲಿ, ಕರಡಿಗೆಯಿರುವ ಎದೆಯಾಗಲಿ, ಅವರ ಬೆರಳು ಅಲ್ಲಿಗೆ ಸುಳಿಯುತ್ತಿರಲಿಲ್ಲ. ಬೇರೆ ಡಾಕ್ಟರರು ಒರಟಾಗಿ ಪಕ್ಕಕ್ಕೆ ಸರಿಸುತ್ತಿದ್ದುದನ್ನು ಇವರು ಹೀಗೆ ಪೂಜ್ಯವಾಗಿ ಕಂಡರೆ ಜನ ಕರಗಿ ಹೋಗದೆ ಇನ್ನೇನು?

ನನ್ನ ಅಣ್ಣ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಭಟ್ಟಿಯ ಉಸ್ತುವಾರಿಯವನು. ಗಟ್ಟಿ ಆಳು. ಒಂದು ದಿನವೂ ಮಲಗಿದವನಲ್ಲ. ಎಪ್ಪತ್ತರ ದಶಕದ ಆರಂಭ, ನಾನಿನ್ನೂ ಪಿಯುಸಿ. ಶಹಾಪುರದಲ್ಲಿ ನೆಂಟರ ಮದುವೆ. ನಮ್ಮ ಮಂದಿಯಲ್ಲಿ ಉಪಚಾರ ಎಂದರೆ ಬಲವಂತವೇ. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ಹೋಳಿಗೆ ಬಡಿಸುತ್ತಾರೆ, ಮೇಲೆ ತುಪ್ಪ ಸುರಿಯುತ್ತಾರೆ. ಅಣ್ಣ ಯಾರಿಗೂ ಬೇಡ ಎನ್ನಲಾರದ ಮನುಷ್ಯ. ತಿಂದ, ತಿಂದ, ಉಸಿರು ಬಿಡಲಾಗದಷ್ಟು ತಿಂದ.

ಊಟ ಮುಗಿಸಿ ಮೂವರೂ ಖಾನಾಪುರದ ಬಸ್ಸು ಹತ್ತಿದೆವು, ಅವ್ವ, ಅಣ್ಣ, ನಾನು. ಕಾಲಿಡಲು ಜಾಗವಿಲ್ಲ. ದೇಸೂರು ಹತ್ತಿರ ಬರುವಷ್ಟರಲ್ಲಿ ಅಣ್ಣನಿಗೆ ಹೊಟ್ಟೆ ತೊಳೆಸಲು ಶುರುವಾಯಿತು. ಸುತ್ತ ಮದುವೆ ಸೀರೆ ಉಟ್ಟ ಹೆಂಗಸರು. ಅವನು ವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದು ತಡೆದ, ಮತ್ತೆ ಬಂತು, ಮತ್ತೆ ತಡೆದ. ಕಡೆಗೆ ಬಸ್ಸು ನಿಲ್ಲಿಸಿ ಇಳಿದು ರಸ್ತೆಯ ಬದಿಗೆ ಬಗ್ಗಿ ವಾಂತಿ ಮಾಡಿದ. ಕರುಳೇ ಕಿತ್ತು ಬರುವ ಹಾಗೆ ವಾಂತಿ. ಅದು ಮುಗಿಯುತ್ತಲೇ ಎದೆ ಹಿಡಿದುಕೊಂಡು ಕುಸಿದ.

"ಯವ್ವಾ, ಎದ್ಯಾಗ ಏನೋ ಹರದಂಗಾತು" ಎಂದ.

ಹರಿದಿತ್ತು. ಅವನ ಬಾಯಲ್ಲೇ ರೋಗದ ಹೆಸರು ಬಂದಿತ್ತು. ನಾವು ಯಾರೂ ಕೇಳಿಸಿಕೊಳ್ಳಲಿಲ್ಲ.

ಎದುರಿಗೆ ಬಂದ ಹಂಚಿನ ಲಾರಿಯೊಂದನ್ನು ನಿಲ್ಲಿಸಿ ಬೆಳಗಾವಿಗೆ ವಾಪಸು ಬಂದೆವು. ಬೇರೆ ಯಾರ ಹತ್ತಿರವೂ ಹೋಗುವ ಮಾತೇ ಇರಲಿಲ್ಲ. ಟಿಳಕವಾಡಿಯಲ್ಲಿ ಇವರ ದವಾಖಾನೆ. ಕರಡಿಗೆಗೆ ಕೈ ಮುಗಿದರು. ಅಣ್ಣನನ್ನು ಹೊರಳಿಸಿ ಬೆನ್ನು ನೋಡಿದರು. ಎಡಗಡೆ ಉಸಿರು ಸರಿಯಾಗಿ ಆಡುತ್ತಿರಲಿಲ್ಲ. ನೋವಿಗೆ ಹಿಡಿದು ಉಸಿರಾಡುತ್ತಾನೆ ಎಂದರು. ಹೃದಯದ ಇಸಿಜಿ ಪಟ್ಟಿ ತೆಗೆದರು, ಅದು ಚೆನ್ನಾಗಿತ್ತು.

"ಹಾರ್ಟಿಂದೇನೂ ಇಲ್ಲ ತಾಯಿ. ಹೊಟ್ಟ್ಯಾಗ ಹುಣ್ಣಿರಬೇಕು, ಪಿತ್ತ ಕೆರಳೈತಿ. ತಣ್ಣನ ಹಾಲು ಚಮಚೇಲೆ ಹಾಕ್ರಿ, ತಾಸಿಗೊಮ್ಮೆ. ಅಂಜಬ್ಯಾಡ್ರಿ, ನಾ ಅದೀನಿ."

ಆ ಕಾಲಕ್ಕೆ ಹೊಟ್ಟೆಹುಣ್ಣಿಗೆ ಹಾಲೇ ಔಷಧಿ, ಅದು ಅವರೊಬ್ಬರ ತಪ್ಪಲ್ಲ. ಎಕ್ಸ್‌ರೇ ಬೇರೆ ಕಡೆ ತೆಗೆಸಬೇಕಿತ್ತು. ದಣಿದಾನ, ಅಲುಗಾಡಿಸುವುದು ಬೇಡ ಎಂದು ದವಾಖಾನೆಯಲ್ಲೇ ಮಲಗಿಸಿಕೊಂಡರು. ಅದನ್ನೂ ಬಿಡುತ್ತೇನೆ. ಮರುದಿನ ಬೆಳಿಗ್ಗೆ ಅಣ್ಣನ ಕುತ್ತಿಗೆ ಊದಿಕೊಂಡಿತು. ಧ್ವನಿ ಮೂಗಿನಿಂದ ಬಂದ ಹಾಗೆ ಬದಲಾಯಿತು. ಡಾಕ್ಟರು ಬರುತ್ತಲೇ ಅವ್ವ ಹೇಳಿದಳು:

"ಸಾಹೇಬ್ರ, ಕುತ್ತಿಗಿ ಬಾತೈತ್ರಿ. ಲಿಂಗದ ದಾರ ಕಡೀತೈತಿ ಅಂತಾನ. ಒಂಚೂರು ಮುಟ್ಟಿ ನೋಡ್ರಿ."

ಅವರು ಕೈ ಮುಂದೆ ತಂದರು. ನಾನು ಮಂಚದ ಕಾಲ ಹತ್ತಿರ ನಿಂತಿದ್ದೆ, ಕಣ್ಣಾರೆ ನೋಡಿದೆ. ದಾರದ ಹತ್ತಿರ ಬಂದ ಬೆರಳು ಅಲ್ಲೇ ನಿಂತು ಹಿಂದಕ್ಕೆ ಹೋಯಿತು.

"ನೀವ ಸಡ್ಲ ಮಾಡ್ರಿ ತಾಯಿ. ನಾ ಮುಟ್ಟೂದಿಲ್ಲ, ಅದು ಅವನ ಪ್ರಾಣ."

ಅವ್ವನ ಕಣ್ಣಲ್ಲಿ ನೀರು ಬಂತು, ಭಕ್ತಿಯಿಂದ. ದಾರ ಸಡಿಲಿಸಿದಳು. ಮತ್ತೆ ಹಾಲಿನ ಬಟ್ಟಲು ಹಿಡಿದು ಕೂತಳು. ಆಮೇಲೆ ಜ್ವರ ಏರಿತು, ಉಸಿರು ಕಟ್ಟಿತು, ಅಣ್ಣ ಹೋದ. "ಶಿವನ ಇಚ್ಛಾ" ಎಂದು ಡಾಕ್ಟರು ಅವ್ವನ ಮುಂದೆ ತಲೆ ತಗ್ಗಿಸಿ ನಿಂತರು. "ದೇವರಂಥಾ ಮನಶ್ಯಾ, ಲಿಂಗಕ್ಕ ಎಷ್ಟು ಮರ್ಯಾದಿ ಕೊಟ್ಟ" ಎಂದು ಅವ್ವ ಇವತ್ತಿಗೂ ಹೇಳುತ್ತಾಳೆ. ಅಣ್ಣನ ವರ್ಷಾಂತಿಕಕ್ಕೆ ಪ್ರಸಾದ ಕಟ್ಟಿ ಅವರ ಮನೆಗೆ ಕಳಿಸುತ್ತಿದ್ದಳು.

ನಾನು ಡಾಕ್ಟರಿಕೆ ಓದಲು ಸೇರಿದ್ದು ಅಣ್ಣನಿಗಾಗಿಯೇ, ಆದರೆ ಆಗ ಸಿಟ್ಟಿರಲಿಲ್ಲ. ಸಿಟ್ಟು ಹುಟ್ಟಿದ್ದು ಒಂದು ಮಧ್ಯಾಹ್ನದ ಪಾಠದಲ್ಲಿ. ಶಸ್ತ್ರಚಿಕಿತ್ಸೆಯ ಮೇಷ್ಟ್ರು ಅನ್ನನಾಳ ತಾನಾಗಿ ಹರಿಯುವುದನ್ನು ಹೇಳುತ್ತಿದ್ದರು. ಅಪರೂಪದ ಕಾಯಿಲೆ, ಆದರೆ ಗುರುತು ಹಿಡಿಯುವುದು ಕಷ್ಟವಲ್ಲ. ಮೊದಲು ಜೋರು ವಾಂತಿ, ಬೆನ್ನಿಗೇ ಎದೆನೋವು, ಆಮೇಲೆ ಕುತ್ತಿಗೆಯ ಚರ್ಮದಡಿ ಗಾಳಿ. ಹರಿದ ಕಡೆಯಿಂದ ಗಾಳಿ ಮೇಲೆ ಹತ್ತುತ್ತದೆ. "ಬೆರಳಿಟ್ಟು ಅಮುಕಿದರೆ ಸಾಕು. ಅರಿವೆಯ ಕೆಳಗೆ ಚುರುಮುರಿ ಇಟ್ಟು ಅಮುಕಿದ ಹಾಗೆ ಕರಕರ ಅನ್ನುತ್ತದೆ. ಬಾಯಿಂದ ಒಂದು ಹನಿ ಕೊಡಬೇಡಿ. ಕೊಟ್ಟದ್ದೆಲ್ಲ ಹೊಟ್ಟೆಗಲ್ಲ, ಎದೆಗೂಡಿಗೆ ಹೋಗಿ ಕೊಳೆಯುತ್ತದೆ" ಎಂದರು.

ಪಕ್ಕದವಳು ನನ್ನ ಪೆನ್ನು ಎತ್ತಿಕೊಟ್ಟಳು, ಅದು ಬಿದ್ದದ್ದು ನನಗೆ ಗೊತ್ತಾಗಿರಲಿಲ್ಲ. ಅವ್ವ ತಾಸಿಗೊಮ್ಮೆ ಹಾಕಿದ ಆ ಹಾಲು! ಅವ್ವನ ಕೈಯಿಂದಲೇ ಹಾಕಿಸಿದ್ದನಲ್ಲ ಆ ಮಹಾನುಭಾವ! ಅವತ್ತೇ ನಿಶ್ಚಯ ಮಾಡಿದೆ. "ನಾನು ಮುಟ್ಟಲಿಲ್ಲ, ಅದಕ್ಕೇ ಅವನು ಸತ್ತ" ಎಂಬ ಮಾತನ್ನು ಈ ಮನುಷ್ಯನ ಬಾಯಿಂದ ಹೊರಡಿಸಬೇಕು. ನನಗೆ ಬೇರೇನೂ ಬೇಡ. ಅವ್ವನಿಗೆ ಮಾತ್ರ ಹೇಳುವ ಹಾಗಿಲ್ಲ. ಡಾಕ್ಟರ ತಪ್ಪು ಹೇಳಿದರೆ ಹಾಲಿನ ವಿಷಯವೂ ಹೊರಗೆ ಬರುತ್ತದೆ. ಅದನ್ನು ಕೇಳಿ ಅವಳು ಬದುಕುವುದಿಲ್ಲ.

ಎಂಬತ್ತರ ಆರಂಭದಲ್ಲಿ ನಾನು ಸರ್ಜನ್ ಆಗಿ ಬೆಳಗಾವಿಯ ಆಸ್ಪತ್ರೆಯೊಂದಕ್ಕೆ ಸೇರಿದೆ. ಇವರು ಅಲ್ಲಿ ಹಿರಿಯ ಫಿಜಿಶಿಯನ್ನರು. ಮೊದಲ ದಿನವೇ ಅವರ ಕೋಣೆಗೆ ಹೋಗಿ ನಾನು ಯಾರ ತಂಗಿ ಎಂದು ಹೇಳಿ, ಕೇಳಿಯೇಬಿಟ್ಟೆ.

"ಸರ್, ಅವತ್ತು ನಮ್ಮಣ್ಣನ ಕುತ್ತಿಗಿ ಮುಟ್ಟಿ ನೋಡಿದ್ರೇನ್ರಿ?"

ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. "ಶಿವನ ಇಚ್ಛಾ ತಂಗಿ" ಎಂದರು.

ತಂಗಿಯಂತೆ! ಮೈಯೆಲ್ಲ ಉರಿದುಹೋಯಿತು. ಅವತ್ತಿನಿಂದ ನಾನು ಅವರ ಬೆನ್ನು ಬಿಡಲಿಲ್ಲ. ಶನಿವಾರ ಶನಿವಾರ ಎಲ್ಲ ವಿಭಾಗದವರೂ ಕೂಡಿ ಕೇಸುಗಳನ್ನು ಚರ್ಚಿಸುವ ಸಭೆ ಇರುತ್ತಿತ್ತು. ಅವರು ಯಾವುದೇ ರೋಗಿಯ ವಿಷಯ ಹೇಳಿ ಮುಗಿಸಲಿ, ನಾನು ಎದ್ದು ನಿಲ್ಲುತ್ತಿದ್ದೆ. "ಸರ್, ಕುತ್ತಿಗಿ ಮುಟ್ಟಿ ನೋಡೀರೇನ್ರಿ?" ಟೈಫಾಯ್ಡು ಇರಲಿ, ಸಂಧಿವಾತ ಇರಲಿ, ಕಾಲಿನ ಹುಣ್ಣೇ ಇರಲಿ, ನನ್ನ ಪ್ರಶ್ನೆ ಅದೊಂದೇ. ಹುಡುಗರು ಮೊದಮೊದಲು ಕಿಸಕ್ಕೆಂದರು, ಆಮೇಲೆ ನಾನು ಏಳುವ ಮೊದಲೇ ನನ್ನ ಕಡೆ ತಿರುಗತೊಡಗಿದರು. ಅವರು ಒಮ್ಮೆಯೂ ಸಿಟ್ಟಾಗಲಿಲ್ಲ. ಕನ್ನಡಕ ಒರೆಸುವರು, "ಮುಂದಿನ ಕೇಸ್" ಎನ್ನುವರು.

ಅರಿವಳಿಕೆ ಕೊಡುವ ನನ್ನ ಗೆಳತಿ ಶಹಾಪುರದ ಮರಾಠಿ ಮನೆಯವಳು. ಅವಳಿಗೆ ಎಲ್ಲ ಗೊತ್ತಿತ್ತು. "ಪುರೇ ಗ ಆತಾ. ಮುದುಕ ಆಗ್ಯಾರ, ಸಾಕು ಬಿಡ" ಎಂದಳು ಒಮ್ಮೆ.

"ನಮ್ಮಣ್ಣ ಮುದುಕ ಆಗಲಿಲ್ಲಲ್ಲ" ಎಂದೆ.

ಅವರ ಬಗ್ಗೆ ಒಳ್ಳೆಯ ಮಾತುಗಳನ್ನೂ ಬರೆಯಬೇಕಂತೆ. ಬರೆಯೋಣ. ನರ್ಸುಗಳ ಮಕ್ಕಳ ಹೆಸರೆಲ್ಲ ಅವರ ನೆನಪಿನಲ್ಲಿರುತ್ತಿದ್ದವು. ಹಬ್ಬದ ದಿನ ಮನೆಯಿಂದ ಮಂಡಿಗೆ ತಂದು, ಮುರಿಯುವಾಗ ಪುಡಿ ಬೀಳದ ಹಾಗೆ ಅಂಗೈಯಲ್ಲಿ ಹಿಡಿದು ಒಬ್ಬೊಬ್ಬರಿಗೇ ಕೊಡುತ್ತಿದ್ದರು. ನನ್ನ ಪಾಲನ್ನೂ ತಪ್ಪದೆ ಕಳಿಸುವರು. ನಾನು ಅದನ್ನು ಆಯಾಳ ಕೈಗೆ ಕೊಟ್ಟುಬಿಡುತ್ತಿದ್ದೆ, ಅವರಿಗೆ ಕಾಣುವ ಹಾಗೆ.

ಹೀಗಿರುವಾಗ ಒಂದು ಮಳೆಗಾಲ. ಬೆಳಗಿನ ಹೊತ್ತು ನಾನು ಆಪರೇಷನ್ ಥಿಯೇಟರಿನ ಹೊರಗೆ ಚಹಾ ಕುಡಿಯುತ್ತಿದ್ದೆ. ಅವರು ಮೆಟ್ಟಿಲು ಹತ್ತಿ ಬಂದರು, ಏದುಸಿರು ಬಿಡುತ್ತ. ಯಾರನ್ನಾದರೂ ಕಳಿಸಬಹುದಿತ್ತು, ಕಳಿಸಿರಲಿಲ್ಲ.

"ತಂಗಿ, ಬಾ. ಜಾಂಬೋಟಿ ಕಡೇದೊಬ್ಬ ಬಂದಾನ. ವಾಂತಿ, ಎದಿನೋವು. ಕುತ್ತಿಗಿ ಮುಟ್ಟಿ ನೋಡೀನಿ."

ಚಹಾದ ಬಟ್ಟಲು ಎಲ್ಲಿಟ್ಟೆನೋ ಗೊತ್ತಿಲ್ಲ. ಓಡಿದೆ.

ಗದ್ದೆಯ ನಾಟಿ ಮುಗಿದ ಖುಷಿಯ ಊಟ ಉಂಡು ರಾತ್ರಿ ವಾಂತಿ ಮಾಡಿಕೊಂಡ ರೈತ. ಅಣ್ಣನ ವಯಸ್ಸೇ. ಅವನೂ ಲಿಂಗವಂತ. ಮಂಚದ ಮೇಲೆ ಒರಗಿ ಕೂತಿದ್ದಾನೆ, ಕೊರಳಲ್ಲಿ ದಾರವಿಲ್ಲ. ಎಡ ಅಂಗೈಯಲ್ಲಿ ಕರಡಿಗೆ ಹಿಡಿದಿದ್ದಾನೆ, ದಾರ ಮುಂಗೈಗೆ ಸುತ್ತಿದೆ. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಅವನ ಹೆಂಡತಿ ಹೇಳಿದಳು:

"ತಗೀಬಾರದ್ರಿ ಅಂದೆ ನಾ. ದೊಡ್ಡ ಡಾಕ್ಟರು, 'ತಗಿಯಾಕ ಹತ್ತಿಲ್ಲವ್ವಾ, ಪೂಜಾಕ ಕುಂತಾಗ ಅಂಗೈಯಾಗ ಹಿಡೀತಾನಲ್ಲ, ಹಂಗ ಹಿಡ್ಕೊಳ್ಳಿ' ಅಂದ್ರು."

ಇಷ್ಟೇ. ದಿನಾ ಪೂಜೆಯಲ್ಲಿ ಮಾಡುವ ಕೆಲಸ. ಯಾರೂ ಲಿಂಗ ಮುಟ್ಟಲಿಲ್ಲ, ಲಿಂಗ ಮೈ ಬಿಟ್ಟು ಹೋಗಲಿಲ್ಲ, ಕುತ್ತಿಗೆ ಖಾಲಿಯಾಯಿತು. ಇಷ್ಟು ಸುಲಭವಿತ್ತೇ? ನನಗೆ ಸಂತೋಷವಾಗಲಿಲ್ಲ. ಆ ಕ್ಷಣ ಅವರ ಕೊರಳಪಟ್ಟಿ ಹಿಡಿದು ಗೋಡೆಗೆ ನೂಕಬೇಕೆನಿಸಿತು. ಆದರೆ ಕೈ ರೈತನ ಕುತ್ತಿಗೆಯ ಮೇಲಿತ್ತು. ಕೊರಳೆಲುಬಿನ ಮೇಲಿನ ತಗ್ಗಿನಲ್ಲಿ ಬೆರಳಿಟ್ಟು ಅಮುಕಿದೆ. ಕರಕರ ಎಂದಿತು.

ಎಕ್ಸ್‌ರೇಯಲ್ಲಿ ಎಡ ಎದೆಯ ತಳದಲ್ಲಿ ನೀರು, ಹೃದಯದ ಬಾಜುವಿನಲ್ಲಿ ಗಾಳಿಯ ಗೆರೆ. ಎದೆಗೆ ನಳಿಕೆ ಹಾಕಿದರೆ ಕೆಟ್ಟ ನೀರಿನ ಜೊತೆ ಅನ್ನದ ಅಗುಳು ಬಂತು. ಖಾತ್ರಿಗೆಂದು ಒಂದೇ ಗುಟುಕು ನೀಲಿ ಬಣ್ಣದ ನೀರು ನುಂಗಿಸಿದೆವು, ನಳಿಕೆಯಲ್ಲಿ ನೀಲಿ ಇಳಿಯಿತು. ಇನ್ನು ತಡ ಮಾಡುವ ಹಾಗಿರಲಿಲ್ಲ. ಹರಿದ ದಿನವೇ ಹೊಲಿದರೆ ಅಂಚು ಹೊಲಿಗೆ ಹಿಡಿಯುತ್ತದೆ, ತಡವಾದರೆ ಕೊಳೆತು ಹೊಲಿಗೆಯೇ ಕಿತ್ತು ಬರುತ್ತದೆ. ಲಿಂಗವನ್ನು ಅವನ ಕೈಯಿಂದಲೇ ಬಲತೋಳಿಗೆ ಸುತ್ತಿಸಿ, ಮೇಲೆ ಪಟ್ಟಿ ಕಟ್ಟಿ ಒಳಗೆ ತೆಗೆದುಕೊಂಡೆವು.

ಎಡಪಕ್ಕೆ ತೆರೆದೆ. ಅನ್ನನಾಳ ಹೊಟ್ಟೆಗೆ ಇಳಿಯುವ ಸ್ವಲ್ಪ ಮೇಲೆ, ಎಡಗಡೆಗೆ, ಉದ್ದಕ್ಕೆ ಹರಿದಿತ್ತು. ನಾನು ಇಷ್ಟು ವರ್ಷ ಕನಸಿನಲ್ಲಿ ಕಂಡ ಜಾಗ. ಎದೆಗೂಡನ್ನೆಲ್ಲ ತೊಳೆದು, ಒಳಪದರ ಹೊಲಿದು, ಅದರ ಮೇಲೆ ಹೊರಪದರ ಹೊಲಿದು, ಹೊಟ್ಟೆಯ ಮೇಲ್ಭಾಗದ ಒಂದು ಮಡಿಕೆಯನ್ನು ಹೊಲಿಗೆಗೆ ಹೊದಿಸಿದೆ. ಊಟಕ್ಕೆಂದು ಸಣ್ಣ ಕರುಳಿಗೆ ಬೇರೆ ನಳಿಕೆ ಇಟ್ಟೆ. ಫಿಜಿಶಿಯನ್ನರಿಗೆ ಥಿಯೇಟರಿನಲ್ಲೇನು ಕೆಲಸ? ಆದರೂ ಅವರು ನಿಲುವಂಗಿ ತೊಟ್ಟು, ಮೂಲೆಯಲ್ಲಿ ಕಡೆತನಕ ನಿಂತಿದ್ದರು. ಯಾರೂ ಕೂರಿ ಎನ್ನಲಿಲ್ಲ. ನಾನಂತೂ ಅನ್ನಲಿಲ್ಲ.

ರೈತ ಚೇತರಿಸಿಕೊಳ್ಳತೊಡಗಿದ. ಬಾಯಿಗೆ ಒಂದು ಹನಿಯೂ ಬೇಡ ಎಂದು ಅವನ ಹೆಂಡತಿಗೆ ಹೇಳಿದ್ದೆವು. ಆದರೆ ಗಂಡ ತುಟಿ ಒಣಗಿಸಿಕೊಂಡು ಮಲಗಿದ್ದರೆ ಯಾವಳ ಜೀವ ತಡೆದೀತು? ಒಂದು ಬೆಳಿಗ್ಗೆ ನಾನು ವಾರ್ಡಿಗೆ ಕಾಲಿಡುವುದಕ್ಕೂ ಒಂದು ಅಬ್ಬರ ಕೇಳುವುದಕ್ಕೂ ಸರಿಹೋಯಿತು.

"ಹಾಲ ಹಾಕಬ್ಯಾಡ! ಹಾಲ ಹಾಕಬ್ಯಾಡ ಅಂತೀನಿ!"

ಇವರೇ. ಜೀವಮಾನದಲ್ಲಿ ಧ್ವನಿ ಎತ್ತರಿಸದ ಮನುಷ್ಯ. ಆ ಹೆಣ್ಣುಮಗಳ ಕೈಯಿಂದ ಬಟ್ಟಲು ಕಸಿದುಕೊಂಡಿದ್ದರು, ಹಾಲು ಅವರ ಬಿಳಿ ಅಂಗಿಯ ಮೇಲೆಲ್ಲ ಚೆಲ್ಲಿತ್ತು. ಇಡೀ ವಾರ್ಡು ಬಾಯಿ ಬಿಟ್ಟು ನೋಡುತ್ತಿತ್ತು. ಆಗ ನನಗೆ ತಿಳಿಯಿತು. ಇವರು ಯಾವುದನ್ನೂ ಮರೆತಿಲ್ಲ, ಹಾಲನ್ನೂ ಮರೆತಿಲ್ಲ. ಎಲ್ಲ ಗೊತ್ತಿದ್ದೇ ಕನ್ನಡಕ ಒರೆಸಿದ್ದಾರೆ.

ವರಾಂಡದಲ್ಲಿ ಅಡ್ಡಹಾಕಿದೆ. "ಸರ್, ಇವತ್ತರೆ ಹೇಳ್ರಿ. ನಮ್ಮಣ್ಣನ ಕುತ್ತಿಗಿ ಮುಟ್ಟಿದ್ರೇನು, ಇಲ್ಲೇನು? ಒಂದ ಮಾತು."

ಅಂಗಿಯ ಮೇಲಿನ ಹಾಲು ಇನ್ನೂ ಸೋರುತ್ತಿತ್ತು. "ನಿಮ್ಮವ್ವ ಇನ್ನೂ ನನ್ನ ಹೆಸರಿಗೆ ಕೈ ಮುಗೀತಾಳೇನು?" ಎಂದು ಕೇಳಿದರು.

"ಮುಗೀತಾಳ್ರಿ."

"ಹಂಗಾರ ಆಕಿಗೆ ಹೇಳಬ್ಯಾಡ ತಂಗಿ" ಎಂದು ನಡೆದುಬಿಟ್ಟರು.

ಗೆಳತಿ ಇದನ್ನು ಕೇಳಿ, ಒಪ್ಪಿಕೊಂಡ ಹಾಗೇ ಆಯಿತಲ್ಲ ಎಂದಳು. ಹಾಗೇ ಆಯಿತಂತೆ! ನಾನು ಕೇಳಿದ್ದು ಒಂದು ಮಾತು, ಅವರು ಕೊಟ್ಟದ್ದು ನನಗೇ ಒಂದು ಕೆಲಸ, ಮುಚ್ಚಿಡುವ ಕೆಲಸ. ಅದೂ ನಾನು ಅವ್ವನಿಗಾಗಿ ಮೊದಲಿನಿಂದ ಮಾಡಿಕೊಂಡು ಬಂದ ಕೆಲಸವನ್ನೇ ಅವರಿಗಾಗಿ ಮಾಡು ಎಂದ ಹಾಗಾಯಿತು. ಮುಂದಿನ ಶನಿವಾರ ಆ ರೈತನ ಕೇಸನ್ನು ಅವರೇ ಸಭೆಯಲ್ಲಿ ಹೇಳಿದರು. ಮುಗಿಸಿ ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ. ಅದೇ ಪ್ರಶ್ನೆ ಕೇಳಿದೆ. "ನೋಡೀನಿ" ಎಂದರು. ಹುಡುಗರು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಅದರ ಮುಂದಿನ ಶನಿವಾರವೂ ಕೇಳಿದೆ, ಅವರು ನಿವೃತ್ತರಾಗುವವರೆಗೂ ಕೇಳಿದೆ.

ಈಗ ಅವರನ್ನು ಮಣ್ಣು ಮಾಡಿದ ದಿನದ ಮಾತು. ಬರುವುದಿಲ್ಲ ಎಂದು ನಾನು ಕೂತರೆ ಅವ್ವ ಬಿಡಲಿಲ್ಲ. "ದೇವರಂಥಾ ಮನಶ್ಯಾ, ಹೋಗದಿದ್ರ ಹ್ಯಾಂಗ ಬೇ? ನಿಮ್ಮಣ್ಣನ ಸಲುವಾಗಿ ಎಷ್ಟು ಒದ್ದಾಡ್ಯಾನ" ಎಂದು ಖಾನಾಪುರದಿಂದ ಬಸ್ಸು ಹತ್ತಿ ಬಂದಳು. ಕರೆದುಕೊಂಡು ಹೋದೆ.

ನಮ್ಮವರಲ್ಲಿ ಸತ್ತವರನ್ನು ಕೂರಿಸುತ್ತಾರೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವಿನ ಹಾರ. ಎಡ ಅಂಗೈಯಲ್ಲಿ ಲಿಂಗ ಇಟ್ಟು ಬಿಳಿ ಅರಿವೆ ಸುತ್ತಿದ್ದರು. ಜನ ಸಾಲಾಗಿ ಬಂದು ಪಾದ ಮುಟ್ಟಿ ಹೋಗುತ್ತಿದ್ದರು. ಅವ್ವ ಪಾದಕ್ಕೆ ಹಣೆ ಹಚ್ಚಿ ಅತ್ತಳು. ನನ್ನ ಸರದಿ ಬಂತು. ನಾನು ಬಗ್ಗಲಿಲ್ಲ. ಹಾರವನ್ನು ಒಂದಿಷ್ಟು ಸರಿಸಿ, ಕುತ್ತಿಗೆಯ ಬುಡದ ತಗ್ಗಿನಲ್ಲಿ ಬೆರಳಿಟ್ಟೆ. ಎಲ್ಲರೂ ನೋಡಲಿ ಎಂದೇ ಇಟ್ಟೆ. ಅಮುಕಿದೆ. ಸೇಡು ತೀರಿತು ಎಂದುಕೊಂಡೆ.

ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ, "ಅವರ ಮ್ಯಾಲೆ ಎಷ್ಟು ಜೀವ ನೋಡ್ರಿ ಈಕಿದು" ಎಂದು ಸೆರಗಿನಿಂದ ಕಣ್ಣೊತ್ತಿಕೊಂಡರು. ಅವ್ವ ಮಾತ್ರ ಗಾಬರಿಯಾಗಿ ನನ್ನ ಮುಂಗೈ ಹಿಡಿದಳು.

"ಏ, ಕೈ ತಗಿ. ಲಿಂಗದ ದಾರ ಇರತೈತಿ ಅಲ್ಲಿ."

"ಲಿಂಗ ಅವರ ಕೈಯಾಗ ಐತಿ ಅವ್ವಾ. ಕುತ್ತಿಗಿ ಖಾಲಿ ಐತಿ" ಎಂದೆ.

ಅವ್ವ ಬಗ್ಗಿ ಆ ಅಂಗೈಯನ್ನು ನೋಡಿದಳು, ಆಮೇಲೆ ಕುತ್ತಿಗೆ ನೋಡಿದಳು. ಹಿಂದಿನವರು ಸರಿಯಿರಿ ಎನ್ನುತ್ತಿದ್ದರೂ ಅಲ್ಲಾಡಲಿಲ್ಲ. ಕಡೆಗೆ ಮೆಲ್ಲಗೆ ಕೇಳಿದಳು:

"ಅವತ್ತು ನಮ್ಮ ಹುಡುಗನ ಕೈಯಾಗೂ ಹಿಂಗ ಕೊಡಬಹುದಿತ್ತಲ್ಲ ಬೇ? ಮುಟ್ಟಿ ನೋಡಿದ್ರ ಏನರೆ ತಿಳೀತಿತ್ತೇನು?"

ಇಷ್ಟು ವರ್ಷ ನಾನು ಇನ್ನೊಬ್ಬರ ಬಾಯಿಂದ ಹೊರಡಿಸಲು ಬಡಿದಾಡಿದ ಉತ್ತರ ಈಗ ನನ್ನ ಬಾಯಲ್ಲೇ ಇತ್ತು. ಅವ್ವನ ಕೈ ನನ್ನ ಮುಂಗೈ ಮೇಲಿತ್ತು, ಹಾಲಿನ ಚಮಚ ಹಿಡಿದ ಅದೇ ಕೈ.

"ಏನೂ ತಿಳೀತಿರಲಿಲ್ಲ ಅವ್ವಾ. ಡಾಕ್ಟರು ಮಾಡೂದೆಲ್ಲಾ ಮಾಡಿದ್ರು. ಬಾ, ಹೋಗೂಣು" ಎಂದೆ.

ಅವಳು ಮತ್ತೊಮ್ಮೆ ಅವರ ಪಾದಕ್ಕೆ ಕೈ ಮುಗಿದು ಹೊರಟಳು. ಸತ್ತ ಮೇಲೂ ಆ ಮನುಷ್ಯ ನನ್ನ ಬಾಯಿಂದ ತನ್ನ ಸುಳ್ಳನ್ನೇ ಹೇಳಿಸಿದ. ಅಣ್ಣನ ಸಾವನ್ನಾದರೂ ಒಂದು ದಿನ ಕ್ಷಮಿಸಿಯೇನು, ಇದನ್ನು ಕ್ಷಮಿಸುವುದಿಲ್ಲ.